ಒಂದೇ ಕುಲುಮೆ, ನಾಲ್ಕು ಬೋರ್ಡು

ಇಪ್ಪತ್ತೆರಡು ವರ್ಷದಿಂದ ಆಕೆ ಎರಕದ ಶೆಡ್ಡಿನಲ್ಲಿ ಕೋರ್ ಮಾಡುತ್ತಾಳೆ. ಪಂಪಿನ ಹೊಟ್ಟೆಯೊಳಗೆ ನೀರು ಸುತ್ತಲು ಜಾಗ ಬೇಕಲ್ಲ, ಆ ಜಾಗದ ಆಕಾರಕ್ಕೆ ಮರಳನ್ನು ಎಣ್ಣೆಯಲ್ಲಿ ಕಲಸಿ, ಒತ್ತಿ, ಬೇಯಿಸಿ ಗಟ್ಟಿ ಮಾಡಿದ ಮುದ್ದೆಯೇ ಕೋರ್. ಅದನ್ನು ಅಚ್ಚಿನೊಳಗೆ ಕೂರಿಸಿ ಸುತ್ತ ಕಬ್ಬಿಣ ಹೊಯ್ಯುತ್ತಾರೆ. ಆಮೇಲೆ ಮರಳು ಉದುರಿಸಿದರೆ ಪೊಳ್ಳು ಉಳಿಯುತ್ತದೆ. ಕೂದಲೆಳೆಯಷ್ಟು ಓರೆಯಾದರೂ ಪಂಪು ಗುಜರಿಗೆ. ಆಕೆ ಕೂರಿಸಿದ್ದು ಓರೆಯಾದದ್ದನ್ನು ಕಂಡವರಿಲ್ಲ. ಶೆಡ್ಡಿನಲ್ಲಿ ಆಕೆ ಎಲ್ಲರಿಗೂ ಅಕ್ಕ. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವನಾದ ಕುಲುಮೆಯ ಮೇಸ್ತ್ರಿಗೂ ಅಕ್ಕನೇ.

ಆ ಶೆಡ್ಡಿಗೆ ಒಂದೇ ತಗಡಿನ ಮಾಡು, ಒಂದೇ ಕುಲುಮೆ, ಒಂದೇ ಬಾಗಿಲು, ಕುಡಿಯಲು ಒಂದೇ ನಲ್ಲಿ. ಹೊರಗೆ ಮಾತ್ರ ನಾಲ್ಕು ಬೋರ್ಡು: ಕೋರ್ ಘಟಕ, ಅಚ್ಚಿನ ಘಟಕ, ಕುಲುಮೆ ಘಟಕ, ಉಜ್ಜುವ ಘಟಕ. ಒಂದು ಮಾಲೀಕನ ಹೆಸರಲ್ಲಿ, ಒಂದು ಅವನ ಹೆಂಡತಿಯ ಹೆಸರಲ್ಲಿ, ಒಂದು ಭಾವಮೈದುನನ ಹೆಸರಲ್ಲಿ, ಕೊನೆಯದು ಹಾಸಿಗೆ ಹಿಡಿದ ಅತ್ತೆಯ ಹೆಸರಲ್ಲಿ! ಹತ್ತು ಜನ ದುಡಿದರೆ ಅದು ಕಾರ್ಖಾನೆ ಎನ್ನುತ್ತದೆ ಅಲ್ಲಿಯ ಕಾನೂನು. ಕಾರ್ಖಾನೆಯಾದರೆ ದುಡಿಯುವವರಿಗೆ ಬೂಟು ಕೊಡಬೇಕು, ಪುಕ್ಕಟೆ ಚಿಕಿತ್ಸೆಗೆ ಆಸ್ಪತ್ರೆಯ ಕಾರ್ಡು ಮಾಡಿಸಿಕೊಡಬೇಕು. ಒಂಬತ್ತೇ ಜನರಿದ್ದರೆ ಅದು ಕಿರು ಘಟಕ, ಯಾವ ರಗಳೆಯೂ ಇಲ್ಲ. ಅದಕ್ಕೇ ಮಾಲೀಕ ನೆಲದ ಮೇಲೆ ಹಳದಿ ಗೆರೆ ಎಳೆಸಿ, ಮೂವತ್ತಾರು ಜನರನ್ನು ಒಂಬತ್ತೊಂಬತ್ತಾಗಿ ಹಂಚಿಬಿಟ್ಟಿದ್ದ. ಹಸಿ ಸುಳ್ಳಿಗೆ ಎಷ್ಟು ನೀಟಾದ ಗೆರೆ!

ತಮ್ಮನ ಕಾಲು ಸುಡುವ ತನಕ ಅಕ್ಕನೂ ಆ ಗೆರೆಯನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಒಡಹುಟ್ಟಿದ ತಮ್ಮ, ಅದೇ ಶೆಡ್ಡಿನಲ್ಲಿ ಕುಲುಮೆಯಿಂದ ಕಾದ ಕಬ್ಬಿಣ ಹೊರುವವನು. ಮೂರು ವಾರದ ಹಿಂದೆ ಕಬ್ಬಿಣ ಒದ್ದೆ ನೆಲಕ್ಕೆ ತುಳುಕಿ ಸಿಡಿದು, ಹವಾಯಿ ಚಪ್ಪಲಿಯ ಸಮೇತ ಅವನ ಬಲಗಾಲು ಬೆಂದುಹೋಯಿತು. ಚರ್ಮ ಕಸಿ ಮಾಡದಿದ್ದರೆ ಪಾದ ಉಳಿಯುವುದು ಅನುಮಾನ ಎಂದರು ಡಾಕ್ಟರು. ಕಾರ್ಡಿಲ್ಲದೆ ಕಸಿ ಇಲ್ಲ. ಅಕ್ಕ ಕೇಳಲು ಹೋದಾಗ ಮಾಲೀಕ ಚಹಾ ಕುಡಿಯುತ್ತಿದ್ದ.

"ನಂಗೇನು ಕರುಳಿಲ್ವಾ ಅಕ್ಕ? ಆದ್ರೆ ಅವನ ಘಟಕದಲ್ಲಿ ಇರೋದೇ ಒಂಬತ್ತು ಜನ. ಕಾನೂನು ಬಿಟ್ಟು ನಾನೇನು ಮಾಡ್ಲಿ?"

ಕಾನೂನಂತೆ! ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅಂದೇ ಮಗಳ ಕೈಲಿ ಅರ್ಜಿ ಬರೆಸಿ ಕಾರ್ಮಿಕ ಇಲಾಖೆಗೆ ಕೊಟ್ಟು ಬಂದಳು.

ಅಧಿಕಾರಿ ಬರುವ ಸುದ್ದಿ ಮಾಲೀಕನಿಗೆ ಮೊದಲೇ ಮುಟ್ಟಿತ್ತು. ಬರುವ ದಿನ ಬೆಳಿಗ್ಗೆಯೇ ಗೆರೆಗಳಿಗೆ ಹೊಸ ಬಣ್ಣ.

"ಇವತ್ತು ಯಾರೂ ಗೆರೆ ದಾಟಬಾರ್ದು. ದಾಟಿದವರು ನಾಳೆಯಿಂದ ಬರೋದೇ ಬೇಡ."

"ಆಯ್ತು ಮಾಲೀಕರೇ" ಎಂದಳು ಅಕ್ಕ, ಬೆಕ್ಕಿನ ಮರಿಯಷ್ಟು ಸಾಧುವಾಗಿ.

ಆದರೆ ಒಂದು ದಿನದ ಎರಕ ಬಿಡಲು ಅವನಿಗೆ ಮನಸ್ಸು ಬರಬೇಕಲ್ಲ! ಕುಲುಮೆ ಹೊತ್ತಿಸಿಯೇ ಇದ್ದ. ಅಧಿಕಾರಿ ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡು ಬಂದಾಗ ಕಬ್ಬಿಣ ಕರಗಿ ಬೆಳ್ಳಗಾಗಿತ್ತು.

"ಕಚ್ಚಾವಸ್ತು, ಕಬ್ಬಿಣ. ಘಟಕದ ಗಾತ್ರ?" ಫಾರಮ್ಮು ತುಂಬುತ್ತಿದ್ದ ಅಧಿಕಾರಿ ಪೆನ್ನು ಎತ್ತಿ ಕೇಳಿದ.

"ಕಿರು ಅಂತಲೇ ಬರ್ಕೊಳ್ಳಿ ಸಾರ್. ನಾಲ್ಕೂ ಬೇರೆ ಬೇರೆ. ಒಂದಕ್ಕೊಂದು ಸಂಬಂಧವೇ ಇಲ್ಲ."

ಅಷ್ಟರಲ್ಲಿ ಮೇಸ್ತ್ರಿ ಕುಲುಮೆಯ ಬಾಯಿ ತೆಗೆದ. ಇಬ್ಬರು ಕಬ್ಬಿಣ ತುಂಬಿದ ಉದ್ದ ಹಿಡಿಯ ಪಾತ್ರೆ ಹೊತ್ತು ಹೊರಟರು. ಕೊನೆಯ ಅಚ್ಚು ಇನ್ನೂ ಬಾಯಿ ತೆರೆದುಕೊಂಡೇ ಇತ್ತು, ಅದರ ಕೋರ್ ಅಕ್ಕನ ಕೈಯಲ್ಲಿತ್ತು. ಅಕ್ಕ ಗೆರೆಯ ತನಕ ಬಂದು ಗಕ್ಕನೆ ನಿಂತಳು. ಆಕೆಯ ಮುಖ ನೋಡಿದ್ದೇ ತಡ, ಪಾತ್ರೆ ಹೊತ್ತವರೂ ತಮ್ಮ ಗೆರೆಯ ಬಳಿ ನಿಂತು ಅದನ್ನು ಮೆಲ್ಲಗೆ ನೆಲಕ್ಕಿಳಿಸಿದರು. ಅಚ್ಚಿನವರು ಕೈಕಟ್ಟಿ ನಿಂತರು. ಉಜ್ಜುವವರು ಆರಾಮಾಗಿ ಕೂತರು.

"ಏನಾಯ್ತು?" ಎಂದ ಅಧಿಕಾರಿ.

"ಅದು ಬೇರೆ ಘಟಕ ಸಾರ್. ನಮಗೂ ಅವರಿಗೂ ಸಂಬಂಧ ಇಲ್ಲ" ಎಂದಳು ಅಕ್ಕ.

ಮಾಲೀಕ ಕಣ್ಣಲ್ಲೇ ಗದರಿದ. ಅಕ್ಕ ಕೋರ್ ಮೇಲಿನ ಇಲ್ಲದ ಧೂಳನ್ನು ಊದಿದಳು. ಪಾತ್ರೆಯಲ್ಲಿ ಬಿಳಿ ಹೋಗಿ ಹಳದಿಯಾಯಿತು, ಹಳದಿ ಕಿತ್ತಳೆಗೆ ತಿರುಗಿತು, ಅಂಚಿನಲ್ಲಿ ಕೆನೆ ಕಟ್ಟತೊಡಗಿತು. ಇನ್ನೆರಡು ನಿಮಿಷ ಹೋದರೆ ಪಾತ್ರೆಯೂ ಹಾಳು, ಕಬ್ಬಿಣವೂ ಹಾಳು. ಮಾಲೀಕನ ಹಣೆಯಲ್ಲಿ ಬೆವರು ಇಳಿಯಿತು.

"ದಾಟ್ರೋ!" ಕೊನೆಗೆ ಅವನೇ ಕಿರುಚಿದ. "ಏನು ನೋಡ್ತಾ ನಿಂತಿದ್ದೀರಿ? ಎಲ್ಲ ನನ್ನದೇ ಅಲ್ವಾ? ಎಲ್ಲರೂ ನನ್ನ ಕೆಲಸದವರೇ ಅಲ್ವಾ? ದಾಟಿ!"

ದಾಟಿದರು. ಅಕ್ಕ ಕೋರ್ ಕೂರಿಸಿದಳು, ಕೂದಲೆಳೆಯಷ್ಟೂ ಓರೆಯಿಲ್ಲ. ಅಚ್ಚು ಮುಚ್ಚಿತು, ಕಬ್ಬಿಣ ಇಳಿಯಿತು. ಅಧಿಕಾರಿ ನಕ್ಕನೋ ಇಲ್ಲವೋ ಗೊತ್ತಾಗಲಿಲ್ಲ, ಆದರೆ 'ಕಿರು' ಎಂದು ಬರೆದದ್ದನ್ನು ಹೊಡೆದುಹಾಕಿದ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬೆರಳು ಮಾಡಿ ಎಣಿಸಿ, ಹೆಸರು ಬರೆದುಕೊಂಡ. ಹತ್ತು ದಾಟಿತು, ಇಪ್ಪತ್ತು ದಾಟಿತು. ಅಕ್ಕನ ಎದೆ ಉಬ್ಬಿತು.

"ಮೂವತ್ತೈದು. ಒಂದೇ ಕಾರ್ಖಾನೆ" ಎಂದು ಸಹಿ ಹಾಕಿ ಹೋದ.

ಅಕ್ಕ ಕಾಲು ನೆಲಕ್ಕೆ ತಾಗದವಳಂತೆ ಮನೆಗೆ ಬಂದಳು. ತಮ್ಮ ಗೋಡೆಗೆ ಒರಗಿ, ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದ. ನಡೆದದ್ದನ್ನೆಲ್ಲ ಆಕೆ ಮಾಲೀಕನ ದನಿಯಲ್ಲೇ ಕಿರುಚಿ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕೇಳಿದ:

"ನನ್ನನ್ನೂ ಸೇರಿಸಿ ಎಣಿಸಿದ್ರಾ ಅಕ್ಕ?"

ಎಣಿಸಿದ್ದು ನಿಂತವರನ್ನು. ನಿಲ್ಲಲಾರದವನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದವನು ಕಾರ್ಖಾನೆಯವನಲ್ಲ, ಅವನಿಗೆ ಕಾರ್ಡಿಲ್ಲ. ಮೂವತ್ತೈದು ಎಂದಾಗ ಬಾಯಿ ಬಿಡದೆ ಎದೆ ಉಬ್ಬಿಸಿಕೊಂಡು ನಿಂತಿದ್ದ ತನ್ನ ಮೇಲೆಯೇ ಆಕೆಗೆ ಕೆಂಡದಂಥ ಸಿಟ್ಟು ಬಂತು.

ಬಾಗಿಲ ಮೂಲೆಯಲ್ಲಿ ಅವನ ಬಲಗಾಲಿನ ಚಪ್ಪಲಿ ಇತ್ತು, ಮುಂಭಾಗವೆಲ್ಲ ಕರಗಿ ಕರಿ ಉಂಡೆಯಾಗಿತ್ತು. ಅಕ್ಕ ಅದನ್ನು ಹಳೆ ಪೇಪರಿನಲ್ಲಿ ಸುತ್ತಿಕೊಂಡು, ಆಗಷ್ಟೇ ಬಿಟ್ಟಿದ್ದ ತನ್ನ ಚಪ್ಪಲಿ ಮತ್ತೆ ಮೆಟ್ಟಿದಳು. ಇಲಾಖೆಯ ಬಾಗಿಲು ಹಾಕಲು ಇನ್ನೂ ಒಂದು ಗಂಟೆಯಿತ್ತು.

"ಎಲ್ಲಿಗೆ ಅಕ್ಕ, ಈಗ ತಾನೇ ಬಂದೆಯಲ್ಲ?"

"ಲೆಕ್ಕದಲ್ಲಿ ಒಬ್ಬ ಕಮ್ಮಿ ಬಿದ್ದಿದ್ದಾನೆ. ಅವರ ಮೇಜಿನ ಮೇಲೆ ಇದನ್ನಿಟ್ಟು, ಬರೆಸ್ಕೊಂಡೇ ಬರ್ತೀನಿ."