ಒಂದು ನಿಮಿಷದ ಉಸಿರು

ಕಳೆದ ವಾರ ನಂಜನಗೂಡಿನ ನಮ್ಮ ಮನೆಗೆ ಮಗಳು ಎಂಟು ತಿಂಗಳ ಕೂಸನ್ನು ಕರೆದುಕೊಂಡು ಬಂದಳು. ಕೂಸಿಗೆ ನೆಗಡಿ, ಸಣ್ಣಗೆ ಜ್ವರ. ಚೀಲದಿಂದ ಆಂಟಿಬಯೋಟಿಕ್ ಸಿರಪ್ಪಿನ ಖಾಲಿ ಬಾಟಲೊಂದನ್ನು ತೆಗೆದು ನನ್ನ ಕೈಗಿಟ್ಟು, "ಅಮ್ಮ, ಇದೇ ತಂದ್ಬಿಡು. ಹೋದ ಸಲ ಇದ್ರಲ್ಲೇ ವಾಸಿಯಾಯ್ತು" ಅಂದಳು. ಮುಚ್ಚಳ ತಿರುಗಿಸಿದೆ. ಅದೇ ಕಿತ್ತಳೆ ಹಣ್ಣಿನ ಸಿಹಿ ವಾಸನೆ...

ಇಪ್ಪತ್ತೇಳು ವರ್ಷಗಳ ಹಿಂದೆ ಇಂಥದ್ದೇ ಬಾಟಲು ಹಿಡಿದು, ಇದೇ ಮಗಳನ್ನು ಎತ್ತಿಕೊಂಡು ನಾನೂ ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಎದುರಿನ ಔಷಧಿ ಅಂಗಡಿಗೆ ಹೋಗುತ್ತಿದ್ದೆ. ಆಗ ಅಲ್ಲಿನ ಶಾಲೆಯಲ್ಲಿ ಟೀಚರ್ ಆಗಿದ್ದೆ. ಖಾಲಿ ಬಾಟಲು ತೋರಿಸಿದರೆ ಸಾಕು, ಡಾಕ್ಟರ ಚೀಟಿ ಯಾಕೆ ಎನ್ನುವುದು ನಮ್ಮೆಲ್ಲರ ಲೆಕ್ಕಾಚಾರ. ಆ ಅಂಗಡಿಯವರು ಮಾತ್ರ ಬಾಟಲನ್ನು ನೋಡುತ್ತಲೇ ಇರಲಿಲ್ಲ. ಮಗುವನ್ನು ನೋಡುತ್ತಿದ್ದರು.

"ಮಗೀನ ಅಂಗಿ ಎತ್ತಮ್ಮ, ಎದೆ ನೋಡ್ಬೇಕು" ಅಂದು ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು ಉಸಿರು ಎಣಿಸುತ್ತಿದ್ದರು. ಪೂರ್ತಿ ಒಂದು ನಿಮಿಷ. ಹೊರಗೆ ಬಸ್ಸುಗಳ ಹಾರ್ನು, ಕಂಡಕ್ಟರುಗಳ ಕೂಗು. ಒಳಗೆ ಮಾತ್ರ ಗಿರಾಕಿಗಳೆಲ್ಲ ಗಪ್‌ಚಿಪ್. ದೇವರ ಮುಂದೆಯೂ ಅಷ್ಟು ಶ್ರದ್ಧೆಯಿಂದ ನಿಂತವರನ್ನು ನಾನು ಕಂಡಿಲ್ಲ.

"ನಲವತ್ತು. ಬರೀ ನೆಗ್ಡಿ ಕಣಮ್ಮ, ತಾನೇ ಓಯ್ತದೆ. ಆಲು ಕುಡ್ಸಿ. ಉಸ್ರು ಐವತ್ತಕ್ಕೆ ಬಂದ್ರೆ ಓಡ್ಬನ್ನಿ. ಆಂಟಿಬಯೋಟಿಕ್ಕು ಬೇಕಾದಾಗ ಪ್ರಾಣ ಉಳಿಸ್ತದೆ, ಬ್ಯಾಡ್ದಾಗ ಎಳೇ ಮೈಗೆ ಯಾಕೆ?"

ನನಗೋ ಮೈಯೆಲ್ಲಾ ಉರಿ. ಊರಿಗೆಲ್ಲ ಪಾಠ ಹೇಳುವವಳು ನಾನು, ನನಗೆ ಇವರು ಪಾಠ ಹೇಳುವುದೇ? ಖಾಲಿ ಬಾಟಲನ್ನು ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ತವರಿಗೆ ಹೋಗುವ ನೆಪದಲ್ಲಿ ನಂಜನಗೂಡಿನ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಇನ್ನೊಂದು ಅಂಗಡಿಯಲ್ಲಿ ಕೇಳಿದ ತಕ್ಷಣ ಕೊಡುತ್ತಿದ್ದರು. ಬಾಟಲಿನೊಳಗಿನ ಪುಡಿಗೆ ಕಾಯಿಸಿ ಆರಿಸಿದ ನೀರು ಹಾಕಿ, ಕುಲುಕಿ, ಎರಡು ದಿನ ಕುಡಿಸಿ, ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಡುತ್ತಿದ್ದೆ. ಮಗಳಿಗೆ ವರ್ಷ ತುಂಬುವಷ್ಟರಲ್ಲಿ ಹಾಗೆ ಎಷ್ಟು ಬಾಟಲು ಮುಗಿಸಿದೆನೋ...

ಮಗಳಿಗೆ ಹನ್ನೊಂದು ತಿಂಗಳಾದಾಗ ಒಂದು ಮಧ್ಯಾಹ್ನ ಉಸಿರೆಳೆದಾಗಲೆಲ್ಲ ಅವಳ ಪಕ್ಕೆ ಒಳಕ್ಕೆ ಹೋಗತೊಡಗಿತು. ನೇರ ಅವರ ಬಳಿಗೇ ಓಡಿದೆ. ಎಣಿಸಿದವರು "ಅರವತ್ತೆಂಟು" ಅಂದರು. ಷಟರ್ ಎಳೆದು, ನಮ್ಮನ್ನು ಆಟೊ ಹತ್ತಿಸಿ ತಾವೂ ಹತ್ತಿದರು. ದಾರಿಯಲ್ಲಿ ಟವೆಲ್ಲಿಗೆಂದು ನನ್ನ ಬ್ಯಾಗಿಗೆ ಕೈ ಹಾಕಿದಾಗ ನಂಜನಗೂಡಿನ ಬಾಟಲು ಅವರ ಕೈಗೆ ಸಿಕ್ಕಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಹೆಸರು ಓದಿಕೊಂಡು, "ಇದನ್ನ ಕೊಟ್ಟಿದ್ದು ಡಾಕ್ಟ್ರಿಗೆ ಯೋಳ್ಬುಡಿ, ಮುಚ್ಚಿಡ್ಬ್ಯಾಡಿ" ಅಂದರು. ಅಷ್ಟೇ. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದು ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ಮಗು ಉಳಿಯಿತು. ಔಷಧಿ ಬೇಕಾದಾಗ ಆಸ್ಪತ್ರೆಗೆ ಓಡಿದವರೂ ಅವರೇ, ಬೇಡವಾದಾಗ ತಡೆದವರೂ ಅವರೇ. ಆ ಮನುಷ್ಯನನ್ನು ನೆನೆದರೆ ಇವತ್ತಿಗೂ ನನಗೆ ಬೆರಗು.

ಮಗಳಿಗೆ ಆರನೇ ವರ್ಷಕ್ಕೆ ಅಸ್ತಮಾ ಬಂತು. "ಆ ಔಷಧಿಯಿಂದಲೇ ಬಂತು ಅಂತ ಯಾರೂ ಹೇಳೋಕಾಗಲ್ಲ. ಎಳೇ ವಯಸ್ಸಲ್ಲಿ ಆಂಟಿಬಯೋಟಿಕ್ ಜಾಸ್ತಿ ಕುಡಿದ ಮಕ್ಕಳಲ್ಲಿ ಅಲರ್ಜಿ, ಅಸ್ತಮಾ ಸ್ವಲ್ಪ ಹೆಚ್ಚು ಕಾಣುತ್ತೆ ಅಂತಾರೆ" ಎಂದು ಈಚೆಗೆ ಇಲ್ಲಿಯ ಡಾಕ್ಟರು ಹೇಳಿದರು. ಹೇಳೋಕಾಗಲ್ಲ ಎಂಬ ಮಾತು ಸಮಾಧಾನವೂ ಅಲ್ಲ, ಶಿಕ್ಷೆಯೂ ಅಲ್ಲ. ಅದನ್ನು ಕಟ್ಟಿಕೊಂಡೇ ಬದುಕುತ್ತಿದ್ದೇನೆ.

ಆ ದಿನ ಮಗಳು ಕೊಟ್ಟ ಬಾಟಲನ್ನು ಪಕ್ಕಕ್ಕಿಟ್ಟು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಅಂಗಿ ಎತ್ತಿ, ಮಗಳಿಗೆ ಗಡಿಯಾರ ನೋಡಲು ಹೇಳಿ ಎಣಿಸಿದೆ. ಮೂವತ್ತೆಂಟು.

"ಯಾರಮ್ಮ ಹೇಳ್ಕೊಟ್ಟಿದ್ದು?"

ಹೇಳಿದೆ. ಬಚ್ಚಿಟ್ಟ ಬಾಟಲುಗಳ ಕತೆಯನ್ನೂ ಹೇಳಿದೆ. ತಪ್ಪಾಯಿತು ಎಂದು ಆ ಅಂಗಡಿಯವರಿಗೆ ಹೇಳಬೇಕಿತ್ತು. ಅವರು ತೀರಿಕೊಂಡು ಮೂರು ವರ್ಷ, ಆ ಅಂಗಡಿಯಲ್ಲೀಗ ಮೊಬೈಲು ಮಾರುತ್ತಾರೆ. ಆ ಮಾತನ್ನು ಮಗಳಿಗೇ ಹೇಳಿದೆ. ಅವಳು ಚೀಲದಿಂದ ತನ್ನ ಅಸ್ತಮಾದ ಇನ್‌ಹೇಲರನ್ನು ತೆಗೆದು, ತಿರುಗಿಸಿ ನೋಡಿ, ಖಾಲಿ ಬಾಟಲಿನ ಬಳಿ ಇಟ್ಟಳು. ಆಮೇಲೆ ಪಕ್ಕಕ್ಕೆ ಸರಿದು ಬಂದು ಕೂಸಿನ ಎದೆಯ ಮೇಲೆ ಕಣ್ಣಿಟ್ಟಳು.

"ಗಡಿಯಾರ ನೀನು ನೋಡಮ್ಮ. ನಾನು ಎಣಿಸ್ತೀನಿ."