ಕೇಳಿ ಮುಟ್ಟುವ ಗಂಡಸು

ಸಣ್ಣವ್ವ ಕ್ರೂರಿ. ಬಡತನ ಹಾಗೆ ಮಾಡಿತು, ಗಂಡ ಹಾಗೆ ಮಾಡಿದ ಎಂದು ಕಾರಣ ಹುಡುಕುವವರು ಹುಡುಕಲಿ. ನರಗುಂದದ ಗುಡ್ಡದ ಕೆಳಗೆ ಅವಳು ನಡೆಸುವ ಖಡಕ್ ರೊಟ್ಟಿ ಕೇಂದ್ರದಲ್ಲಿ ಅವಳ ಏಟು ತಿನ್ನದ ಹೆಂಗಸಿಲ್ಲ. ರೊಟ್ಟಿ ಹರಿದರೆ ಬೆನ್ನಿಗೆ ಗುದ್ದು, ಸೀದರೆ ಮೊಣಕೈಗೆ ಸೌಟು. ಬೇಕಾದ್ದನ್ನು ಕಸಿದುಕೊಂಡಾಳೇ ಹೊರತು ಒಂದು ಚಂಬು ನೀರನ್ನೂ ಯಾರನ್ನೂ ಕೇಳಿದವಳಲ್ಲ.

ಅಲ್ಲಿ ರೊಟ್ಟಿ ಬಡಿಯುವ ಅನ್ನಪೂರ್ಣಾಗೆ ಅವಳೆಂದರೆ ಗಂಡನಷ್ಟೇ ಭಯ. ಆದರೂ ಒಂದು ಮಧ್ಯಾಹ್ನ ಚೀಲದಿಂದ ಪುಸ್ತಕ ತೆಗೆದಳು. ಅಂಥ ಪುಸ್ತಕಗಳನ್ನು ಹಿಂದೆ ಗಂಡಸರು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕಣ್ಸನ್ನೆ ಮಾಡಿ ಕೊಂಡು, ಅಂಗಿಯೊಳಗೆ ತುರುಕಿಕೊಂಡು ಹೋಗುತ್ತಿದ್ದರು. ಈಗ ಅವನ್ನು ಹೆಂಗಸರೇ ಬರೆಯುತ್ತಾರೆ, ಹೆಂಗಸರೇ ಕೊಳ್ಳುತ್ತಾರೆ. ಹೊಳೆಯುವ ರಕ್ಷಾಪುಟ ಹೊತ್ತು ವ್ರತಕಥೆಗಳ ಪಕ್ಕದಲ್ಲೇ ತೂಗಾಡುತ್ತವೆ. ಪ್ರೀತಿ-ಮದುವೆಯ ಕತೆಯೇ, ಆದರೆ ಹಾಸಿಗೆಯವರೆಗೆ ಬಂದು ದೀಪ ಆರಿಸಿಬಿಡುವ ಕತೆಯಲ್ಲ.

ಸುತ್ತಲಿನವರು ಜೋರಾಗಿ ಓದೆಂದರು. ಸಣ್ಣವ್ವ ಸೌಟು ಹಿಡಿದೇ ಬಂದಳು. ಕೇಳುತ್ತ ಕೇಳುತ್ತ ಹೆಂಗಸರ ಕೈ ಚುರುಕಾದದ್ದನ್ನು ಕಂಡಳು.

"ಓದ ಬೇಕಾದ್ರ. ಕೈ ನಿಂತೂಂದ್ರ ಒಬ್ಬೊಬ್ರ ಹಲ್ಲ ಉದರಸ್ತೀನಿ."

ಆ ಕತೆಯ ಗಂಡಸು ಹೆಂಡತಿಯ ಕುಪ್ಪಸಕ್ಕೆ ಕೈ ಹಾಕುವ ಮೊದಲು, ಬಿಚ್ಚಲೇ ಎಂದು ಕೇಳುತ್ತಿದ್ದ. ಪ್ರತಿ ಸಲವೂ ಕೇಳುತ್ತಿದ್ದ.

"ಇಂವಾ ಗಂಡಸೋ, ಬ್ಯಾಂಕಿನ ಸಾಹೇಬೋ?" ಎಂದಳು ಎಲ್ಲರಿಗಿಂತ ಹಿರಿಯಳಾದ ಮುದುಕವ್ವ. "ಎಲ್ಲಾದಕ್ಕೂ ಸಹಿ ಕೇಳ್ತಾನಲ್ಲವಾ."

ಎಲ್ಲರೂ ನಕ್ಕರು. ಅಂಥವರು ಹಾಳೆಯಲ್ಲಷ್ಟೇ ಹುಟ್ಟುತ್ತಾರೆ ಎಂದು ಸಣ್ಣವ್ವ ಗೊಣಗಿದಳು. ಅನ್ನಪೂರ್ಣಾ ಮಾತ್ರ ಆ ಸಾಲನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓದಿಕೊಂಡಳು.

ಅವಳ ಗಂಡ ಫಕೀರೇಶ ಕಾಳಿನ ಪೇಟೆಯಲ್ಲಿ ಹಮಾಲ. ಚೀಲ ಎತ್ತುವ ಕೈಯಲ್ಲೇ ಹೆಂಡತಿಯನ್ನೂ ಎಳೆಯುವವನು. ಆ ವಾರ ಒಂದು ದಿನ ಅವನು ಎಳೆದಾಗ ಅವಳು, "ಕೇಳಿ ಮುಟ್ರಿ ನನ್ನ" ಎಂದಳು. ಅವನು ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಇದನ್ನು ಕಲಿಸಿದವರು ಯಾರೆಂದು ಹುಡುಕಾಡಿದಾಗ ಅವಳ ಚೀಲದಲ್ಲಿ ಪುಸ್ತಕ ಸಿಕ್ಕಿತು.

ಮರುದಿನ ಹಗಲಿನಲ್ಲೇ ಕೇಂದ್ರಕ್ಕೆ ಬಂದ. ಕುಡಿದಿರಲಿಲ್ಲ. ಪುಸ್ತಕವನ್ನು ಒಲೆಗೆ ಎಸೆದು, ಅವಳ ಎರಡೂ ಮುಂಗೈ ಹಿಡಿದ.

"ಕೇಳಬೇಕಲ್ಲಾ ನಾ? ಕೇಳಾಕತ್ತೇನಿ ನೋಡ. ಸುಡ್ಲೇನ?"

ಉತ್ತರಕ್ಕೆ ಕಾಯದೆ ಅವಳ ಅಂಗೈಗಳನ್ನು ಕಾದ ಹಂಚಿಗೆ ಒತ್ತಿದ. ರೊಟ್ಟಿಯ ವಾಸನೆಯೊಳಗೆ ಚರ್ಮದ ವಾಸನೆ ಎದ್ದಿತು.

ಸಣ್ಣವ್ವ ಒಲೆಯಿಂದ ಉರಿಯುವ ಕಟ್ಟಿಗೆ ಎಳೆದು ಅವನ ಮುಂಗೈಗೆ ಬಾರಿಸಿದಳು. ಎಲುಬು ಮುರಿದದ್ದು ಎಲ್ಲರಿಗೂ ಕೇಳಿಸಿತು. ಬಿದ್ದವನ ಬಾಯಿಗೆ ಬಾರಿಸಿದಳು. ಬ್ಯಾಡ್ರಿ ಎಂದು ಕೈ ಅಡ್ಡ ಹಿಡಿದವನಿಗೆ ಮತ್ತೂ ಬಾರಿಸಿದಳು. ಹೆಂಗಸರು ಜೋತುಬಿದ್ದು ಅವಳನ್ನು ತಡೆಯಬೇಕಾಯಿತು. ಹಿಟ್ಟಿಗೆ ರಕ್ತ ಸಿಡಿಯಿತೆಂದು ಅದಕ್ಕೂ ಅವನನ್ನೇ ಬೈದಳು. ಅರೆಸುಟ್ಟ ಪುಸ್ತಕವನ್ನು ಮುದುಕವ್ವ ಒಲೆಯಿಂದ ಎಳೆದು ನೀರು ಚಿಮುಕಿಸಿದಳು.

ದವಾಖಾನೆಯ ದಾರಿಯುದ್ದಕ್ಕೂ ಸಣ್ಣವ್ವ ಅನ್ನಪೂರ್ಣಾಳನ್ನು ಬೈಯುವುದು ಬಿಡಲಿಲ್ಲ. "ಹಾಳ್ಯಾಗಿಂದು ಹಾಳ್ಯಾಗ ಇರಬೇಕಿತ್ತು. ಮನಿಗ್ಯಾಕ ಒಯ್ದಿ, ಖೋಡಿ?"

ಫಕೀರೇಶ ಕೈಗೆ ಪಟ್ಟಿ ಕಟ್ಟಿಸಿಕೊಂಡು ಜಕ್ಕಲಿಯ ತಾಯಿಮನೆ ಸೇರಿದ. ಈ ಕಡೆ ಕಾಲಿಟ್ಟರೆ ಇನ್ನೊಂದು ಕೈಯೂ ಉಳಿಯದೆಂದು ಸಣ್ಣವ್ವ ಹೇಳಿಕಳಿಸಿದಳು. ಅನ್ನಪೂರ್ಣಾ ಕೇಂದ್ರದ ಹಿಟ್ಟಿನ ಕೋಣೆಯಲ್ಲಿ ಮಲಗತೊಡಗಿದಳು. ಕೈಗಳಿಗೆ ದಪ್ಪ ಬಟ್ಟೆ ಸುತ್ತಿತ್ತು, ರೊಟ್ಟಿ ಬಡಿಯುವಂತಿರಲಿಲ್ಲ.

"ಕುಂತ ತಿನ್ನಾಕ ಇದೇನ ಮಠ ಅಲ್ಲ," ಎಂದು ಸಣ್ಣವ್ವ ಒಂದು ಮಧ್ಯಾಹ್ನ ಪುಸ್ತಕವನ್ನು ಅವಳ ಮಡಿಲಿಗೆ ಎಸೆದಳು. "ಓದ."

ಹಿಡಿಯಲು ಹೋದರೆ ಪುಸ್ತಕ ಜಾರಿತು. ಸಣ್ಣವ್ವ ಹಲ್ಲು ಕಚ್ಚಿದಳು. ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಂಡು ಎದುರಿಗೆ ಕೂತು, ತಾನೇ ಪುಸ್ತಕ ಬಿಡಿಸಿ ಹಿಡಿದಳು. ಅಕ್ಷರ ಬಾರದವಳು, ತಲೆಕೆಳಗಾಗಿ ಹಿಡಿದಿದ್ದಳು. ಅನ್ನಪೂರ್ಣಾ ಗದ್ದದಿಂದ ಸನ್ನೆ ಮಾಡಿದ ಮೇಲೆ ಸರಿ ಮಾಡಿದಳು.

ಅನ್ನಪೂರ್ಣಾ ಆ ಪುಟದ ಕೊನೆಯ ಸಾಲಿನವರೆಗೆ ಓದಿ ನಿಲ್ಲಿಸಿದಳು. ಸಣ್ಣವ್ವನ ಹೆಬ್ಬೆರಳು ಹಾಳೆಯ ಸುಟ್ಟ ಮೂಲೆಗೆ ಹೋಯಿತು, ಅಲ್ಲೇ ತಡೆಯಿತು. ಅವಳು ಅನ್ನಪೂರ್ಣಾಳ ಬಟ್ಟೆ ಸುತ್ತಿದ ಕೈಗಳನ್ನು ನೋಡಿದಳು, ಆಮೇಲೆ ಮುಖವನ್ನು.

"ತಿರುವ್ಲೇನ?" ಎಂದು ಕೇಳಿದಳು.