ಮಾತು ಕಲಿಯಲು ಹೋದ ಮಗಳು

ಭಾನುವಾರದ ಪತ್ರಿಕೆಯನ್ನು ಒಮ್ಮೆ ಕೊಡವಿ ನೋಡಿ, ಸುದ್ದಿಗಿಂತ ಮೊದಲು ಕರಪತ್ರಗಳು ಉದುರುತ್ತವೆ. ನಮ್ಮ ಗೌರಿಬಿದನೂರಿನಲ್ಲಿ ಹಿಂದೆಲ್ಲ ಸೀರೆಯ ರಿಯಾಯಿತಿಯದೋ ಮೂಲವ್ಯಾಧಿಯ ಚಿಕಿತ್ಸೆಯದೋ ಚೀಟಿ ಬೀಳುತ್ತಿತ್ತು. ಈಗ ಅಬ್ಯಾಕಸ್, ಕೋಡಿಂಗ್, ರೋಬೋಟು, ದುಂಡಕ್ಷರ, ವ್ಯಕ್ತಿತ್ವ ವಿಕಸನ. ಎಲ್ಲ ಚೀಟಿಗಳದೂ ಒಂದೇ ಪ್ರಶ್ನೆ: ‘ನಿಮ್ಮ ಮಗು ಭವಿಷ್ಯಕ್ಕೆ ಸಿದ್ಧವೇ?’ ಭವಿಷ್ಯವಿರಲಿ, ಸೋಮವಾರದ ಯೂನಿಫಾರ್ಮಿಗೇ ಸಿದ್ಧವಿಲ್ಲದ ಮನೆ ನಮ್ಮದು. ಆದರೂ ಚೀಟಿಯನ್ನು ಬಿಸಾಡದೆ ಮಡಿಸಿ ಎತ್ತಿಡುತ್ತೇನೆ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ಬೇಡಿಕೆ, ಪೂರೈಕೆ, ಶ್ರಮದ ಮಾರುಕಟ್ಟೆ ಎಂದೆಲ್ಲ ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಗಂಭೀರವಾಗಿ ವಿವರಿಸುವ ನನಗೆ, ಮನೆಯಲ್ಲಿರುವ ಒಬ್ಬಳೇ ಮಗಳ ಶ್ರಮಕ್ಕೆ ನಾಳೆ ಯಾವ ಬೇಡಿಕೆಯೆಂದು ಯಾರಾದರೂ ಕೇಳಿದರೆ ಅರ್ಥವೂ ಇಲ್ಲ, ಶಾಸ್ತ್ರವೂ ಇಲ್ಲ. ನನ್ನ ಯಜಮಾನರು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕರು. ಅಲ್ಲಿಗೆ ಹೊಸ ಯಂತ್ರ ಬಂದು, ವಿಚಾರಿಸಿಕೊಳ್ಳಲು ಕೆಳಗೆ ಯಾರೂ ಉಳಿಯದೆ, ಬರೀ ‘ಮೇಲ್’ ಆಗಿ ಉಳಿದಿದ್ದ ಒಂದು ಸಂಜೆ ಮನೆಗೆ ಬಂದವರೇ, “ನಮ್ ಚಿನ್ನಿಗೆ ಒಂದೇ ಕೆಲ್ಸ ಕಲಿಸ್ಬಾರ್ದು ಕಣೇ. ಏನ್ ಬಂದ್ರೂ ನಿಭಾಯ್ಸೋ ಹಾಗೆ ಮಾಡ್ಬೇಕು” ಎಂದರು.

ಏನು ಬಂದರೂ ನಿಭಾಯಿಸುವುದನ್ನು ಎಲ್ಲಿ ಕಲಿಸುತ್ತಾರೆ? ಕರಪತ್ರಗಳ ರಾಶಿಯಲ್ಲೇ ಹುಡುಕಿದೆ. ‘ಸಂವಹನ ಕೌಶಲ’ ಎಂಬ ತರಗತಿಯೊಂದು ಸಿಕ್ಕಿತು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಹಳೆಯ ಗಾದೆಯನ್ನು ತಿದ್ದಿ, ಮಾತು ಬಲ್ಲವನಿಗೆ ನಿರುದ್ಯೋಗವಿಲ್ಲ ಎಂದು ಅಚ್ಚು ಹಾಕಿಸಿದ್ದರು. ಐದನೇ ಕ್ಲಾಸಿನ ಚಿನ್ನಿಯನ್ನು ಸೇರಿಸಿಯೇಬಿಟ್ಟೆವು. ನೀವು ಅವಳನ್ನು ನೋಡಿಲ್ಲ, ಅದಕ್ಕೇ ನಗುತ್ತಿಲ್ಲ. ನಮ್ಮೊಡನೆ ಕನ್ನಡ, ಅಜ್ಜಿಯೊಡನೆ ತೆಲುಗು, ಪಕ್ಕದ ಮನೆಯ ಗೆಳತಿಯೊಡನೆ ಉರ್ದು ಎಂದು ಬೆಳಗಿನಿಂದ ಬೈಗಿನವರೆಗೆ ಪಟಪಟ ಉದುರಿಸುತ್ತಿದ್ದ ಹುಡುಗಿಗೆ ಮಾತು ಕಲಿಸಲು ಹೊರಟೆವೆಂದರೆ ಮೀನಿಗೆ ಈಜು ಕಲಿಸಿದ ಹಾಗೆಯೇ.

ತರಗತಿಯ ಮೇಷ್ಟ್ರು ಹುಬ್ಬಳ್ಳಿಯ ಕಡೆಯವರು, ಉತ್ಸಾಹದ ಬುಗ್ಗೆ. ಮನೆಯಲ್ಲೂ ಇಂಗ್ಲಿಷನ್ನೇ ಆಡಿ ಎಂದು ಅವರು ಅಪ್ಪಣೆ ಕೊಡಿಸಿದ್ದೇ ತಡ, ನಾವಿಬ್ಬರೂ ಶಿರಸಾವಹಿಸಿ ಪಾಲಿಸತೊಡಗಿದೆವು. ಪೇಚಾದದ್ದು ನಮ್ಮತ್ತೆಯವರಿಗೆ. ಚಿನ್ನಿ ‘ಅವ್ವ’ ಎಂದು ಕರೆಯುವ ಅವರು ಗಡಿಯಾಚೆಯ ಹಳ್ಳಿಯಿಂದ ಬಂದವರು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತೆಲುಗೇ. ಇಂಗ್ಲಿಷೆಂದರೆ ಕರೆಂಟು, ಬಸ್ಸು, ಟ್ಯಾಬ್ಲೆಟ್ಟು. ಪಾಪ, ಮೊಮ್ಮಗಳ ಭವಿಷ್ಯಕ್ಕಾಗಿ ಎರಡು ದಿನ ಆ ಮೂರರಲ್ಲೇ ಸಂಸಾರ ತೂಗಿಸಿದರು. ಆಮೇಲೆ ಸುಮ್ಮನಾದರು. ಚಿನ್ನಿಯೂ ಸುಮ್ಮನಾದಳು.

ಮೊದಮೊದಲು ಅದನ್ನು ಶಿಸ್ತೆಂದುಕೊಂಡು ಬೀಗಿದೆ. ಆದರೆ ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಅವರೆಕಾಯಿ ಸುಲಿಯುವಾಗ ಸಿಪ್ಪೆಯ ಸದ್ದಷ್ಟೇ ಕೇಳತೊಡಗಿತು. ಹೋಗಲಿ, ಕನ್ನಡದಲ್ಲೇ ಹೇಳಮ್ಮ ಎಂದು ನಾನೇ ಸೋತು ಕೇಳಿದರೂ ಅವಳ ಉತ್ತರ ‘ಹೂಂ’, ಇಲ್ಲವೇ ‘ಉಹೂಂ’. ಯಾವ ಭಾಷೆಯಲ್ಲಿ ತಪ್ಪಾಗುವುದೋ ಎಂಬ ಅಂಜಿಕೆ ಅವಳ ಕಣ್ಣಿನಲ್ಲಿ ಕಂಡಾಗ ನನಗೆ ನಿಜಕ್ಕೂ ಭಯವಾಯಿತು. ನಾಳಿನ ಕೆಲಸದ ಮಾತು ಹಾಗಿರಲಿ, ನನಗೆ ನನ್ನ ವಾಚಾಳಿ ಮಗಳು ವಾಪಸು ಬೇಕಾಗಿದ್ದಳು.

ಅಷ್ಟರಲ್ಲಿ ತರಗತಿಯ ಮಕ್ಕಳ ಭಾಷಣ ಪ್ರದರ್ಶನದ ದಿನ ಬಂತು. ಮನೆಮಂದಿಯೆಲ್ಲ ಹೋದೆವು. ಚಿನ್ನಿಯ ಸರದಿ ಬಂದಾಗ ಅವಳು ಮೈಕಿನ ಮುಂದೆ ನಿಂತಳು, ನಿಂತೇ ಇದ್ದಳು. ಉರು ಹೊಡೆದಿದ್ದ ಇಂಗ್ಲಿಷು ತುಟಿಯವರೆಗೂ ಬರಲಿಲ್ಲ. ಮೇಷ್ಟ್ರು ಚಪ್ಪಾಳೆ ತಟ್ಟಿ ಹುರಿದುಂಬಿಸಿದಷ್ಟೂ ಅವಳ ಕಣ್ಣು ತುಂಬಿಕೊಳ್ಳುತ್ತಿತ್ತು. ನಾನು ಸೆರಗು ಹಿಂಡುತ್ತ ಕೂತಿದ್ದೆ. ಅವ್ವನಿಗೆ ಮಾತ್ರ ತಡೆಯಲಾಗಲಿಲ್ಲ. ಎದ್ದು ನಿಂತು, “ಚಾಲು ನಾಯನಾ, ಚಾಲು!” ಎಂದು ಕೂಗಿದರು.

ಮೇಷ್ಟ್ರ ಮುಖ ಅರಳಿತು. “ಕೇಳಿದೇನವಾ? ನಿಮ್ಮಜ್ಜಿನೂ ಚಾಲೂ ಮಾಡಂತ ಹೇಳಾಕತ್ತಾರ! ಹೂಂ, ಚಾಲೂ ಮಾಡವಾ!” ಎಂದು ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು. ಅವ್ವ ಸಿಟ್ಟಿನಿಂದ ಮತ್ತೆ, “ಚಾಲು!” ಎಂದರು. ಮೇಷ್ಟ್ರು ಸಂತೋಷದಿಂದ, “ಚಾಲೂ!” ಎಂದರು.

ಚಿನ್ನಿ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿದಳು. ಅಳುತ್ತಿದ್ದವಳಿಗೆ ನಗು ಉಕ್ಕಿಬಿಟ್ಟಿತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು, “ಸಾರ್, ಅವ್ವ ಶುರು ಮಾಡು ಅಂತಿಲ್ಲ ಸಾರ್! ತೆಲುಗಲ್ಲಿ ಚಾಲು ಅಂದ್ರೆ ಸಾಕು ಅಂತ. ನಿಮಗೇ ಸಾಕು ಮಾಡಿ ಅಂತಿದ್ದಾರೆ!” ಎಂದಳು. ಕೂಡಲೇ ಅಜ್ಜಿಯ ಕಡೆ ತಿರುಗಿ, “ಅವ್ವಾ, ವಾಳ್ಳ ಊರ್ಲೋ ಚಾಲು ಅಂಟೇ ಮೊದಲುಪೆಟ್ಟು ಅನಿ!” ಎಂದು, ಶುರು ಮಾಡು ಎಂಬ ಹುಬ್ಬಳ್ಳಿಯ ಅರ್ಥವನ್ನು ತೆಲುಗಿನಲ್ಲಿ ಬಿಡಿಸಿ ಹೇಳಿದಳು. ಸಭೆ ಗೊಳ್ಳೆಂದಿತು. ಮೇಷ್ಟ್ರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವ್ವ ಮೇಷ್ಟ್ರ ಊರು, ಮದುವೆ, ಊಟ ಎಲ್ಲ ವಿಚಾರಿಸಿದ್ದು, ಅವರು ಉತ್ತರಿಸಿದ್ದು, ಎಲ್ಲಕ್ಕೂ ಚಿನ್ನಿಯದೇ ಮಧ್ಯಸ್ಥಿಕೆ. ಇಂಗ್ಲಿಷ್ ಭಾಷಣ ಕೊನೆಗೂ ಆಗಲೇ ಇಲ್ಲ, ಯಾರೂ ಕೇಳಲೂ ಇಲ್ಲ.

ಮುಂದೆ ಅವಳಿಗೆ ಯಾವ ಕೆಲಸ ಸಿಗುವುದೋ, ಆ ಕೆಲಸವನ್ನು ಯಾವ ಯಂತ್ರ ಕಸಿಯುವುದೋ, ನನಗೆ ಈಗಲೂ ಗೊತ್ತಿಲ್ಲ. ಅಂದು ಹಿಂತಿರುಗುವಾಗ ಆಟೋದಲ್ಲಿ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಅಪ್ಪನಿಗೆ ಕನ್ನಡದಲ್ಲಿ, ಅಜ್ಜಿಗೆ ತೆಲುಗಿನಲ್ಲಿ, ಆಟೋದವರಿಗೆ ಉರ್ದುವಿನಲ್ಲಿ ಅದೇ ಕಥೆಯನ್ನು ಹೇಳಿದ್ದೇ ಹೇಳಿದ್ದು. ನಮ್ಮ ಯಜಮಾನರು ಕಿವಿ ಮುಚ್ಚಿಕೊಂಡು, “ಕಿವಿ ತೂತು ಬಿತ್ತಲ್ಲೇ, ಒಂದ್ ಮಾತು ಹೇಳೇ ಅವಳಿಗೆ” ಎಂದು ನನ್ನನ್ನು ಬೇಡಿಕೊಂಡರು.

“ಚಾಲು ಕಣಮ್ಮ” ಎಂದೆ. ಮಗಳು ಹುಬ್ಬಳ್ಳಿಯ ಅರ್ಥವನ್ನೇ ಹಿಡಿದುಕೊಂಡಳು.